ಹಳೇ ಎಆರ್‌ಜೆ, ಎಲ್‌ಜೆಡ್‌ಎಚ್, ಜೂ ಫೈಲುಗಳನ್ನು ಮೌಸ್‌ನಲ್ಲೇ ಬಿಚ್ಚುವ ಸಾಫ್ಟ್‌ವೇರ್ ಯಾವುದಿದೆ?

ಹಳೇ_ಫ್ಲಾಪಿ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ತೊಂಬತ್ತರ ದಶಕದಲ್ಲಿ ಮಂಡ್ಯದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು. ಲಗ್ನಪತ್ರಿಕೆ, ಹಬ್ಬದ ಕರಪತ್ರ, ನಾಟಕದ ಹ್ಯಾಂಡ್‌ಬಿಲ್, ಶಾಲೆಗಳ ಪ್ರಶ್ನೆಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲ ಅವರ ಕೈಯಲ್ಲೇ ಆಗುತ್ತಿತ್ತು. ಆಗ ಹಾರ್ಡ್ ಡಿಸ್ಕಿನಲ್ಲಿ ಜಾಗ ಕಮ್ಮಿ. ಕೆಲಸ ಮುಗಿದ ಮೇಲೆ ಫೈಲುಗಳನ್ನು ಕುಗ್ಗಿಸಿ ಫ್ಲಾಪಿಗೆ ತುಂಬಿ ಇಡುತ್ತಿದ್ದರು. ಆ ಫ್ಲಾಪಿಗಳಲ್ಲಿ ಓದಲು ಬಂದಷ್ಟನ್ನು ಪೆನ್ ಡ್ರೈವ್‌ಗೆ ಹಾಕಿಸಿಕೊಂಡಿದ್ದೇನೆ.

ಈಗ ಕಷ್ಟ ಏನಂದ್ರೆ, ಒಂದೊಂದು ಫೈಲಿನ ಬಾಲ (ಹೆಸರಿನ ಕೊನೆಯಲ್ಲಿ ಚುಕ್ಕಿ ಆದ ಮೇಲೆ ಬರುವ ಅಕ್ಷರಗಳು) ಒಂದೊಂದು ಥರ. ಎಆರ್‌ಜೆ ಜಾಸ್ತಿ. ಅದರ ಹಿಂದೆ ಎ01, ಎ02 ಅಂತ ತುಂಡುಗಳು ಬೇರೆ. ಎಲ್‌ಜೆಡ್‌ಎಚ್ ಕೆಲವು, ಜೂ ಕೆಲವು, ಎಆರ್‌ಸಿ ಒಂದಿಷ್ಟು. ಜಿಪ್ ಕೂಡ ಇವೆ. ಆದರೆ ಅದರಲ್ಲೂ ಕೆಲವು ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್‌ನಲ್ಲಿ ತೆರೆಯುತ್ತಿಲ್ಲ.

ಚಿಕ್ಕಪ್ಪನಿಗೆ ಕಂಪ್ಯೂಟರ್ ಹೊಸದಲ್ಲ. ಪುಟ ವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ ಕಣ್ಣುಮುಚ್ಚಿ ಕೆಲಸ ಮಾಡಿದವರು. ಆದರೆ ಮತ್ತೆ ಕಪ್ಪು ಪರದೆ ಮುಂದೆ ಕೂತು ಕಮಾಂಡ್ ಹೊಡಿ ಅಂದರೆ ಒಲ್ಲೆ ಅನ್ನುತ್ತಾರೆ. "ಅವತ್ತೇ ಸಾಕಾಗಿ ಹೋಗಿತ್ತು ಕಣಪ್ಪ" ಅಂತಾರೆ. ಅವರೇ ಕೂತು, ಒಂದೊಂದೇ ತೆರೆದು, ಯಾವುದು ಬೇಕು ಯಾವುದು ಬೇಡ ಅಂತ ಆರಿಸಬೇಕು. ಅದು ನನಗೆ ಗೊತ್ತಾಗುವ ಕೆಲಸ ಅಲ್ಲ.

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಎಲ್ಲ ಬಾಲಗಳಿಗೂ ಸೇರಿ ಒಂದೇ ಕಿಟಕಿ (ಮೌಸ್‌ನಲ್ಲೇ ನಡೆಸುವ ಪ್ರೋಗ್ರಾಂ) ಸಿಗುತ್ತಾ?

ಆಲೆಮನೆ (ಪಾಂಡವಪುರ)

ಮೊದಲು 7-ಜಿಪ್ ಹಾಕಿಕೊಳ್ಳಿ. ಪುಕ್ಕಟೆ. ಎಆರ್‌ಜೆ, ಎಲ್‌ಜೆಡ್‌ಎಚ್ ಎರಡನ್ನೂ ಅದು ಬಿಚ್ಚುತ್ತದೆ. ಹೊಸದಾಗಿ ಆ ಥರದ ಫೈಲ್ ಮಾಡಿಕೊಡುವುದಿಲ್ಲ ಅಷ್ಟೆ. ನಿಮಗೆ ಅದು ಬೇಕಾಗಿಯೂ ಇಲ್ಲ ಅಲ್ವಾ?

ತೆರೆಯದ ಜಿಪ್‌ಗಳನ್ನೂ ಅದರಲ್ಲೇ ನೋಡಿ. ಜಿಪ್ ಮಾಡುವ ಮೂಲ ಪ್ರೋಗ್ರಾಂ ಪಿಕೆಜಿಪ್‌ನ ಮೊದಲ ಕಾಲದ ಜಿಪ್‌ಗಳಲ್ಲಿ ಶ್ರಿಂಕ್, ಇಂಪ್ಲೋಡ್ ಅನ್ನುವ ಬೇರೆ ವಿಧಾನ ಇತ್ತು. ಈಗ ಎಲ್ಲ ಕಡೆ ಇರುವ ಡಿಫ್ಲೇಟ್ ಬಂದದ್ದು ಪಿಕೆಜಿಪ್ 2ರಲ್ಲಿ, 1993ರ ಸುಮಾರಿಗೆ. ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ಗೆ ಆ ಹಳೇ ವಿಧಾನ ಬರದೇ ಇರಬಹುದು. 7-ಜಿಪ್‌ಗೆ ಬರುತ್ತದೆ.

ಟರ್ಮಿನಲ್_ಸಾಕು (ಮೈಸೂರು)

ಗುರು, ಇದಕ್ಕೆಲ್ಲ ಕಿಟಕಿ ಯಾಕೆ? ಕಮಾಂಡ್ ಹೆಸರು, ಜಾಗ ಬಿಟ್ಟು ಎಕ್ಸ್, ಜಾಗ ಬಿಟ್ಟು ಫೈಲ್ ಹೆಸರು. ಮುಗೀತು. ಒಂದು ಸಾಲಿನ ಲೂಪ್ ಬರೆದರೆ ಪೆನ್ ಡ್ರೈವ್ ಪೂರ್ತಿ ಕಾಫಿ ಕುಡಿದು ಬರುವುದರೊಳಗೆ ಬಿಚ್ಚಿಕೊಳ್ಳುತ್ತದೆ. ನೀವೇ ಬಿಚ್ಚಿ ಫೋಲ್ಡರ್ ಮಾಡಿ ಚಿಕ್ಕಪ್ಪನಿಗೆ ಕೊಡಿ.

ಹಳೇ_ಫ್ಲಾಪಿ (ಮಂಡ್ಯ)

@ಟರ್ಮಿನಲ್_ಸಾಕು ಅಣ್ಣ, ನಾನು ಕೆಲಸಕ್ಕೆ ಬೆಂಗಳೂರಿಗೆ ಹೋಗಿಬರುವವನು. ಮನೇಲಿ ಇರೋದು ಭಾನುವಾರ ಮಾತ್ರ. ಚಿಕ್ಕಪ್ಪ ಮಧ್ಯಾಹ್ನ ಸುಮ್ನೆ ಕೂತಿರುವಾಗ ತಾವೇ ನೋಡಬೇಕು ಅನ್ನೋದೇ ಇಲ್ಲಿನ ವಿಷಯ. ಇನ್ನೂ ಫ್ಲಾಪಿ ಸಿಗುತ್ತಾ ಇವೆ, ಅಟ್ಟದಲ್ಲಿ ಮತ್ತೊಂದು ಡಬ್ಬ ಇದೆಯಂತೆ.

@ಆಲೆಮನೆ ಥ್ಯಾಂಕ್ಸ್. 7-ಜಿಪ್‌ನಲ್ಲಿ ಹಳೇ ಜಿಪ್‌ಗಳು ತೆರೆದವು. ಬಿಡಿ ಎಆರ್‌ಜೆಗಳೂ ತೆರೆದವು. ಜೂ ಮತ್ತು ಎಆರ್‌ಸಿ ಜಪ್ಪಯ್ಯ ಅನ್ನುತ್ತಿಲ್ಲ.

ಚಾಮುಂಡಿ_ಮೆಟ್ಟಿಲು (ಮೈಸೂರು)

ಜೂ ಫೈಲಾ? ಮಂಗಳವಾರ ಬಿಟ್ಟು ಬೇರೆ ದಿನ ನೋಡಿ ಸಾರ್, ಮಂಗಳವಾರ ನಮ್ಮ ಜೂಗೆ ರಜೆ 🙂

ಕುಕ್ಕರಹಳ್ಳಿ_ಕೆರೆ (ಮೈಸೂರು)

ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ. ಅವಸರ ಇರುವವರು ಕೊನೆಯ ಪ್ಯಾರಾ ಓದಿದರೆ ಸಾಕು.

ಹಳೇ ಕುಗ್ಗಿಸುವ ಟೂಲ್‌ಗಳಿಗೆ ಹಾಕುವ ಕಿಟಕಿಗಳಲ್ಲಿ ಎರಡು ಜಾತಿ ಇವೆ. ಒಂದು, ಬಿಚ್ಚುವ ವಿದ್ಯೆಯನ್ನು ತನ್ನೊಳಗೇ ಇಟ್ಟುಕೊಂಡಿರುವುದು. 7-ಜಿಪ್ ಹಾಗೆ. ಇನ್ನೊಂದು, ಬರೀ ಮುಖ. ನೀವು ಗುಂಡಿ ಒತ್ತಿದಾಗ ಅದು ಹಿಂದೆ ಹಳೇ ಕಮಾಂಡನ್ನೇ ಓಡಿಸುತ್ತದೆ. ಕಮಾಂಡ್ ಪರದೆಗೆ ಏನು ಬರೆಯುತ್ತದೋ ಅದನ್ನು ಓದಿ, ಹೆಸರು, ಸೈಜ್, ತಾರೀಖು ಅಂತ ಬೇರೆ ಮಾಡಿ ಪಟ್ಟಿ ತೋರಿಸುತ್ತದೆ.

ಈ ಎರಡನೇ ಜಾತಿಯೇ ಹಳೆಯದು. ವಿನ್‌ಜಿಪ್ 1991ರಲ್ಲಿ ಬಂದಾಗ ಅದೂ ಬರೀ ಮುಖವೇ. ಒಳಗೆ ಕೆಲಸ ಮಾಡುತ್ತಿದ್ದದ್ದು ಪಿಕೆಜಿಪ್. ಆಮೇಲೆ ಜಿಪ್ ವಿದ್ಯೆಯನ್ನು ತಾನೇ ಕಲಿತಿತು. ಆದರೆ ಎಆರ್‌ಜೆ, ಎಲ್‌ಎಚ್‌ಎ, ಎಆರ್‌ಸಿ ಬೇಕಾದರೆ ಆ ಪ್ರೋಗ್ರಾಂಗಳನ್ನು ನೀವೇ ತಂದಿಟ್ಟು ದಾರಿ ತೋರಿಸಬೇಕಿತ್ತು. ಆವತ್ತು ಡಿಟಿಪಿ ಮಾಡಿದವರಿಗೆ ನೆನಪಿರಬಹುದು.

ಇಷ್ಟೊಂದು ಬಾಲ ಯಾಕೆ ಅಂತ ಕೇಳಿದರೆ ಅದಕ್ಕೂ ಒಂದು ಕಥೆ ಇದೆ. ಎಆರ್‌ಸಿ 1985ರದು, ಥಾಮ್ ಹೆಂಡರ್ಸನ್ ಅವರ ಎಸ್‌ಇಎ ಅನ್ನುವ ಸಣ್ಣ ಕಂಪನಿ ಮಾಡಿದ್ದು. ಫಿಲ್ ಕಾಟ್ಜ್ ಅನ್ನುವವರು ಅದೇ ಬಾಲದ ಫೈಲ್ ಮಾಡುವ, ಇನ್ನೂ ಜೋರಾಗಿ ಓಡುವ ಪಿಕೆಎಆರ್‌ಸಿ ಬರೆದರು. 1988ರಲ್ಲಿ ಎಸ್‌ಇಎ ಅವರ ಮೇಲೆ ಕೇಸ್ ಹಾಕಿತು. ರಾಜಿ ಆಯಿತು. ಕಾಟ್ಜ್ ಎಆರ್‌ಸಿ ಬಿಟ್ಟು 1989ರಲ್ಲಿ ಜಿಪ್ ತಂದರು, ಅದರ ರಚನೆ ಹೇಗಿದೆ ಅಂತ ಎಲ್ಲರಿಗೂ ಬಿಚ್ಚಿಟ್ಟರು. ಜಿಪ್ ಗೆದ್ದದ್ದಕ್ಕೆ ಅದೂ ಒಂದು ಕಾರಣ. ಈಗಲೂ ಯಾವುದೇ ಜಿಪ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೊದಲ ಎರಡು ಅಕ್ಷರ ಪಿ, ಕೆ. ಅವರ ಇನಿಷಿಯಲ್ಸ್.

ಎಲ್‌ಜೆಡ್‌ಎಚ್ ಜಪಾನಿನದು. ಹರುಯಾಸು ಯೋಶಿಜಾಕಿ ಬರೆದ ಎಲ್‌ಎಚ್‌ಆರ್ಕ್, 1988. ಆಮೇಲೆ ಅದೇ ಎಲ್‌ಎಚ್‌ಎ ಆಯಿತು. ಜೂ ಬರೆದವರು ರಾಹುಲ್ ಧೇಸಿ. ಎಆರ್‌ಜೆ ಬರೆದವರು ರಾಬರ್ಟ್ ಜಂಗ್. ದೊಡ್ಡ ಫೈಲನ್ನು 1.44 ಎಂಬಿ ತುಂಡು ಮಾಡಿ ಒಂದಾದ ಮೇಲೆ ಒಂದು ಫ್ಲಾಪಿ ಕೇಳುವ ಕೆಲಸದಲ್ಲಿ ಎಆರ್‌ಜೆ ಪಳಗಿದ ಕೈ. ಪೇಜ್‌ಮೇಕರ್ ಫೈಲು, ಸ್ಕ್ಯಾನ್ ಮಾಡಿದ ಫೋಟೊ ಒಂದೇ ಫ್ಲಾಪಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ನಿಮ್ಮ ಚಿಕ್ಕಪ್ಪನ ಡಬ್ಬದಲ್ಲಿ ಅದೇ ಜಾಸ್ತಿ ಇರೋದು ಸಹಜ.

ಈಗ ವಿಂಡೋಸ್ 11. ಆ ಹಳೇ ಡಾಸ್ (ಕಪ್ಪು ಪರದೆಯ ಹಳೇ ವ್ಯವಸ್ಥೆ) ಪ್ರೋಗ್ರಾಂಗಳು 16 ಬಿಟ್‌ನವು. 64 ಬಿಟ್ ವಿಂಡೋಸ್ ಅವನ್ನು ಓಡಿಸುವುದೇ ಇಲ್ಲ, ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಅಂದರೆ ಕಿಟಕಿ ಯಾವುದಾದರೂ ಹಾಕಿ, ಅದರ ಹಿಂದೆ ನಿಲ್ಲುವ ಕಮಾಂಡ್ ಈ ಕಾಲದ್ದಾಗಿರಬೇಕು. ಮೊದಲು ಕಮಾಂಡ್ ಹುಡುಕಿ, ಕಿಟಕಿ ಆಮೇಲೆ.

ಲಿನಕ್ಸ್_ಅಕ್ಕ (ಮೈಸೂರು)

ಮೇಲಿನವರು ಹೇಳಿದ್ದು ಸರಿ. ಕಮಾಂಡ್ ವಿಷಯಕ್ಕೆ ಒಂದು ಹೆಸರು: ಅನ್ಆರ್. ದಿ ಅನ್‌ಆರ್ಕೈವರ್ ಅಂತ ಮ್ಯಾಕ್‌ನಲ್ಲಿ ಇದೆಯಲ್ಲ, ಅದರ ಕಮಾಂಡ್ ರೂಪ. ಪಟ್ಟಿ ಮಾತ್ರ ತೋರಿಸಲು ಎಲ್‌ಎಸ್‌ಎಆರ್ ಅಂತ ಜೊತೆಗೆ ಬರುತ್ತದೆ. ಎಆರ್‌ಸಿ, ಜೂ, ಎಲ್‌ಜೆಡ್‌ಎಚ್ ಮೂರೂ ಅದಕ್ಕೆ ಬರುತ್ತವೆ. ವಿಂಡೋಸ್‌ಗೂ ಇದೆ, ಡೆಬಿಯನ್, ಉಬುಂಟುವಿನಲ್ಲಿ ನೇರವಾಗಿ ಸಿಗುತ್ತದೆ.

ಮನೆಯಲ್ಲಿ ಲಿನಕ್ಸ್ ಇದ್ದರೆ ಕಥೆ ಇನ್ನೂ ಸಲೀಸು. ಗ್ನೋಮ್‌ನ ಫೈಲ್ ರೋಲರ್, ಮಾಟೆಯ ಎಂಗ್ರಾಂಪಾ, ಎಕ್ಸ್‌ಆರ್ಕೈವರ್, ಇವೆಲ್ಲ ಬಹುಮಟ್ಟಿಗೆ ಕುಕ್ಕರಹಳ್ಳಿ ಸರ್ ಹೇಳಿದ ಎರಡನೇ ಜಾತಿಯವು. ಬರೀ ಮುಖ. ಆದ್ದರಿಂದಲೇ ಎಷ್ಟೋ ಜನ "ಫೈಲ್ ರೋಲರ್‌ಗೆ ಎಆರ್‌ಜೆ ಬರಲ್ಲ" ಅಂತ ಬೈಯುತ್ತಾರೆ. ಎಆರ್‌ಜೆ ಪ್ಯಾಕೇಜ್ ಹಾಕಿ ಮತ್ತೆ ತೆರೆದರೆ ಅದೇ ಫೈಲ್ ರೋಲರ್ ಮಾತಾಡುತ್ತದೆ. ಹಿಂದೆ ಕೆಲಸದವನೇ ಇಲ್ಲದಿದ್ದರೆ ಮುಖ ಏನು ಮಾಡೀತು?

ಪೀಜಿಪ್ ಹಾಕಿ ಅಂತ ಯಾರಾದರೂ ಖಂಡಿತ ಹೇಳುತ್ತಾರೆ. ಒಳ್ಳೆಯ ಸಾಫ್ಟ್‌ವೇರ್, ನಾನೂ ಬಳಸುತ್ತೇನೆ. ಆದರೆ ಅದರ ಪಟ್ಟಿಯಲ್ಲಿ ಎಆರ್‌ಸಿ ಅಂತ ಇರುವುದನ್ನು ನೋಡಿ ಖುಷಿಪಡಬೇಡಿ. ಅದು ಫ್ರೀಆರ್ಕ್ ಅನ್ನುವ ಎಷ್ಟೋ ವರ್ಷ ಆಮೇಲೆ ಬಂದ ಬೇರೆಯೇ ಟೂಲಿನ ಎಆರ್‌ಸಿ. ಬಾಲ ಒಂದೇ, ಒಳಗಿನದು ಬೇರೆ. 1985ರ ಎಆರ್‌ಸಿ ಅಲ್ಲ ಅದು.

ಹಾಗಾಗಿ ಬಾಲ ನಂಬಬೇಡಿ, ತಲೆ ನೋಡಿ, ಅಂದರೆ ನೋಟ್‌ಪ್ಯಾಡ್‌ನಲ್ಲಿ ತೆರೆದಾಗ ಕಾಣುವ ಮೊದಲ ಅಕ್ಷರಗಳು. ಜೂ ಫೈಲಿನ ಶುರುವಿನಲ್ಲೇ ಜೂ ಅಂತ, ಅದರ ಆವೃತ್ತಿ, ಆರ್ಕೈವ್ ಅಂತ ಇಂಗ್ಲಿಷ್‌ನಲ್ಲಿ ಬರೆದಿರುತ್ತದೆ. ಎಲ್‌ಜೆಡ್‌ಎಚ್‌ನಲ್ಲಿ ಮೂರನೇ ಅಕ್ಷರದಿಂದ ಅಡ್ಡಗೆರೆ, ಎಲ್, ಎಚ್, ಒಂದು ಅಂಕಿ, ಮತ್ತೆ ಅಡ್ಡಗೆರೆ. ಹೆಚ್ಚಾಗಿ ಆ ಅಂಕಿ 5 ಅಥವಾ 1. ರಾರ್ ಅನ್ನುವ ಇನ್ನೊಂದು ಬಗೆಯ ಫೈಲ್ ತನ್ನ ಹೆಸರನ್ನೇ ಬರೆದು ಉದ್ಗಾರ ಚಿಹ್ನೆ ಹಾಕಿರುತ್ತದೆ. ಡಿಟಿಪಿ ಅಂಗಡಿಗಳಲ್ಲಿ ಬಾಲ ಬದಲಾಯಿಸಿ ಇಡುವ ಅಭ್ಯಾಸ ಕೆಲವರಿಗೆ ಇತ್ತು, ಬೇರೆಯವರು ತೆರೆಯಬಾರದು ಅಂತ.

ಹಳೇ_ಫ್ಲಾಪಿ (ಮಂಡ್ಯ)

ಅಕ್ಕ, ಚಿಕ್ಕಪ್ಪ ಇದನ್ನು ಓದಿ ನಕ್ಕರು. ಅವರೂ ಹಾಗೆ ಮಾಡುತ್ತಿದ್ದರಂತೆ. ಬಾಲ ಇಲ್ಲದ ಕೆಲವು ಫೈಲು ಯಾವುದು ಅಂತ ಈಗ ಗೊತ್ತಾಯಿತು.

ಸರಿ, ಅನ್ಆರ್ ಇಳಿಸಿಕೊಂಡೆ. ಅದಕ್ಕೆ ಕಿಟಕಿ?

ಕುಕ್ಕರಹಳ್ಳಿ_ಕೆರೆ (ಮೈಸೂರು)

ಡಬಲ್ ಕಮಾಂಡರ್. ಇದು ಫೈಲ್ ಮ್ಯಾನೇಜರ್. ಎಡಕ್ಕೊಂದು ಬಲಕ್ಕೊಂದು ಪಟ್ಟಿ. ಡಾಸ್ ಕಾಲದ ನಾರ್ಟನ್ ಕಮಾಂಡರ್ ನೋಡಿದವರಿಗೆ ಪಾಠ ಬೇಡ, ನಿಮ್ಮ ಚಿಕ್ಕಪ್ಪನಿಗೆ ಬೆರಳೇ ನೆನಪಿಟ್ಟುಕೊಂಡಿರುತ್ತವೆ. ಎಫ್5 ಒತ್ತಿದರೆ ಕಾಪಿ, ಈಗಲೂ ಅದೇ. ಪುಕ್ಕಟೆ, ಮುಕ್ತ ತಂತ್ರಾಂಶ, ವಿಂಡೋಸ್ ಲಿನಕ್ಸ್ ಎರಡಕ್ಕೂ ಇದೆ. ಇದೇ ಥರ ಟೋಟಲ್ ಕಮಾಂಡರ್ ಅಂತ ಇನ್ನೂ ಹಳೆಯದು ಇದೆ, 1993ರಿಂದ. ಅದು ಶೇರ್‌ವೇರ್ (ಮೊದಲು ಬಳಸಿ ನೋಡಿ ಆಮೇಲೆ ದುಡ್ಡು ಕೊಡುವಂಥದ್ದು). ಫಾರ್ ಮ್ಯಾನೇಜರ್ ಇದೆ, ರಾರ್ ಬರೆದ ಯುಜೀನ್ ರೋಶಾಲ್ ಅವರದೇ ಶುರು. ಆದರೆ ಅದು ಅಕ್ಷರಗಳಲ್ಲೇ ಬಿಡಿಸಿದ ಕಿಟಕಿ, ಚಿಕ್ಕಪ್ಪ ಮತ್ತೆ ಕಪ್ಪು ಪರದೆ ಅಂದಾರು.

ಡಬಲ್ ಕಮಾಂಡರನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇದರಲ್ಲಿ ಹಿಂದೆ ಓಡುವ ಕಮಾಂಡನ್ನು ನೀವೇ ಬರೆಯಬಹುದು. ಬೇರೆ ಕಿಟಕಿಗಳು ಯಾವ ಬಾಲ ಕಲಿತಿವೆಯೋ ಅಷ್ಟೇ. ಇದಕ್ಕೆ ಹೊಸದನ್ನು ಕಲಿಸಬಹುದು.

ಆಪ್ಷನ್ಸ್ ಒಳಗೆ ಆರ್ಕೈವರ್ಸ್ ಅನ್ನುವ ಪುಟಕ್ಕೆ ಹೋಗಿ. ಹೊಸದೊಂದು ಹೆಸರು ಸೇರಿಸಿ, "ಜೂ" ಅಂತಲೇ ಇಡಿ. ಬಾಲ ಯಾವುದು, ಪ್ರೋಗ್ರಾಂ ಎಲ್ಲಿದೆ, ಪಟ್ಟಿಗೆ ಯಾವ ಕಮಾಂಡ್, ಬಿಚ್ಚಲು ಯಾವ ಕಮಾಂಡ್ ಅಂತ ಖಾಲಿ ಜಾಗಗಳು ಇರುತ್ತವೆ. ಪ್ರೋಗ್ರಾಂ ಹೆಸರಿನ ಬದಲು ಶೇಕಡಾ ಚಿಹ್ನೆ ಮತ್ತು ಪಿ ಅಕ್ಷರ, ಫೈಲ್ ಹೆಸರಿನ ಬದಲು ಶೇಕಡಾ ಚಿಹ್ನೆ ಮತ್ತು ಎ ಅಕ್ಷರ ಬರೆಯಬೇಕು. ಅದರ ಸಹಾಯ ಪುಟದಲ್ಲಿ ಉಳಿದ ಅಕ್ಷರಗಳು ಇವೆ. ಪಟ್ಟಿಗೆ ಎಲ್‌ಎಸ್‌ಎಆರ್ ಕೊಡಿ, ಉದ್ದ ಪಟ್ಟಿ ಬರುವಂತೆ ಅಡ್ಡಗೆರೆ ಎಲ್ ಸೇರಿಸಿ. ಬಿಚ್ಚಲು ಅನ್ಆರ್.

ತಲೆ ಕೆಡಿಸುವುದು ಇಲ್ಲಿಂದ ಮುಂದೆ. ಎಲ್‌ಎಸ್‌ಎಆರ್ ಬರೆಯುವ ಸಾಲಿನಲ್ಲಿ ಹೆಸರು ಎಲ್ಲಿದೆ, ಸೈಜ್ ಎಲ್ಲಿದೆ ಅಂತ ಕಿಟಕಿಗೆ ಗೊತ್ತಿಲ್ಲ. ಅದಕ್ಕೆ ಒಂದು ಮಾದರಿ ಸಾಲು ಕೊಡಬೇಕು. ಹೆಸರು ಬರುವ ಕಡೆ ಎನ್, ಬಿಚ್ಚಿದ ಮೇಲಿನ ಸೈಜ್ ಬರುವ ಕಡೆ ಜೆಡ್, ಕುಗ್ಗಿದ ಸೈಜ್‌ಗೆ ಪಿ, ವರ್ಷಕ್ಕೆ ವೈ, ದಿನಕ್ಕೆ ಡಿ. ತಿಂಗಳಿಗೆ ಟಿ, ಯಾಕಂದ್ರೆ ಎಂ ಆಗಲೇ ನಿಮಿಷಕ್ಕೆ ಹೋಗಿದೆ. ಒಂದು ಅಕ್ಷರ ಆಚೀಚೆ ಆದರೆ ಫೈಲ್ ಹೆಸರಿನ ತಲೆ ಕತ್ತರಿಸಿ ಹೋಗುತ್ತದೆ, ಅಥವಾ ಪಟ್ಟಿ ಖಾಲಿ ಬರುತ್ತದೆ. ಆಗ ಅದೇ ಪುಟದಲ್ಲಿರುವ ಡಿಬಗ್ ಮೋಡ್‌ಗೆ ಟಿಕ್ ಹಾಕಿ. ಕಮಾಂಡ್ ಏನು ಬರೆಯಿತು ಅಂತ ಪೂರ್ತಿ ತೋರಿಸುತ್ತದೆ. ಆ ಸಾಲಿನ ಕೆಳಗೆ ನಿಮ್ಮ ಮಾದರಿ ಸಾಲು ಇಟ್ಟು ಜೋಡಿಸಿ ನೋಡಿ.

ಒಂದು ಭಾನುವಾರದ ಕೆಲಸ. ಒಂದು ಸಲ ಆದರೆ ಚಿಕ್ಕಪ್ಪನಿಗೆ ಜೂ ಫೈಲ್ ಕೂಡ ಮಾಮೂಲಿ ಫೋಲ್ಡರ್ ಥರ ಕಾಣುತ್ತದೆ. ಒಳಗೆ ಹೋಗಬಹುದು, ಬೇಕಾದ್ದನ್ನು ಎಫ್5 ಒತ್ತಿ ಆಚೆ ತೆಗೆಯಬಹುದು.

ಟರ್ಮಿನಲ್_ಸಾಕು (ಮೈಸೂರು)

ಕಮಾಂಡ್ ಬರೆಯಬಹುದಾದ ಕಿಟಕಿ ಅಂದರೆ ನನಗೂ ಒಪ್ಪಿಗೆ. ಆದರೆ ಮೂರು ವಿಷಯ ನೋಡಿಕೊಳ್ಳಿ. ಇವು ಯಾವ ಕಿಟಕಿಯಲ್ಲೂ ಕಾಣುವುದಿಲ್ಲ, ಜನ ಕಿಟಕಿಗೆ ಬೈಯುತ್ತಾರೆ.

ಎಆರ್‌ಜೆಯಲ್ಲಿ ಬಿಚ್ಚಲು ಇ ಮತ್ತು ಎಕ್ಸ್ ಅಂತ ಎರಡು ಅಕ್ಷರ ಇವೆ. ಎಕ್ಸ್ ಕೊಟ್ಟರೆ ಒಳಗಿನ ಫೋಲ್ಡರ್ ಹಾಗೇ ಬರುತ್ತವೆ. ಇ ಕೊಟ್ಟರೆ ಮದುವೆ ಮನೆ ಮುಂದಿನ ಚಪ್ಪಲಿ ಥರ ಎಲ್ಲ ಒಂದೇ ರಾಶಿ. ಎರಡು ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಫೈಲ್ ಇದ್ದರೆ ಒಂದರ ಮೇಲೆ ಇನ್ನೊಂದು ಕೂತು ಮೊದಲನೆಯದು ಹೋಯಿತು. ಎಂಟು ಅಕ್ಷರದ ಹೆಸರಿನ ಕಾಲದಲ್ಲಿ ಒಂದೇ ಹೆಸರು ಬರೋದು ದಿನದ ಮಾತು. ಪ್ರತಿ ಗಿರಾಕಿಯ ಫೋಲ್ಡರ್‌ನಲ್ಲೂ ಒಂದು ಕಾರ್ಡ್1 ಇರುತ್ತದೆ. ಪಿಕೆಅನ್‌ಜಿಪ್‌ನಲ್ಲೂ ಇದೇ ಗೋಳು, ಅಡ್ಡಗೆರೆ ಡಿ ಕೊಡದಿದ್ದರೆ ಫೋಲ್ಡರ್ ಮಾಡುವುದಿಲ್ಲ.

ಎರಡನೆಯದು, ಪ್ರಶ್ನೆ. ಹಳೇ ಕಮಾಂಡ್‌ಗಳಿಗೆ ಕೇಳುವ ಚಟ. "ಈ ಫೈಲ್ ಆಗಲೇ ಇದೆ, ಮೇಲೆ ಬರೆಯಲಾ?" ಅಂತ ಕೇಳಿ ಸುಮ್ಮನೆ ನಿಲ್ಲುತ್ತವೆ. ಆ ಪ್ರಶ್ನೆ ಕಿಟಕಿಯ ಹಿಂದೆ ಉಳಿಯುತ್ತದೆ, ನಿಮಗೆ ಕಾಣುವುದಿಲ್ಲ. ಕಿಟಕಿ ಹ್ಯಾಂಗ್ ಆಯಿತು ಅಂತ ನೀವು ಮುಚ್ಚುತ್ತೀರಿ. ಎಆರ್‌ಜೆಗೆ ಅಡ್ಡಗೆರೆ ವೈ ಕೊಟ್ಟರೆ ಎಲ್ಲಕ್ಕೂ ಹೂಂ ಅನ್ನುತ್ತದೆ. ಅನ್ಆರ್‌ಗೆ ಅಡ್ಡಗೆರೆ ಎಸ್ ಕೊಟ್ಟರೆ ಇರುವುದನ್ನು ಮುಟ್ಟದೆ ಮುಂದೆ ಹೋಗುತ್ತದೆ, ಅಡ್ಡಗೆರೆ ಆರ್ ಕೊಟ್ಟರೆ ಬೇರೆ ಹೆಸರಿಟ್ಟು ಬಿಚ್ಚುತ್ತದೆ. ಚಿಕ್ಕಪ್ಪನ ಫೈಲುಗಳಿಗೆ ಆರ್ ವಾಸಿ. ಹಾಗೇ ದೊಡ್ಡಕ್ಷರ ಡಿ ಕೂಡ ಕೊಡಿ, ಇಲ್ಲದಿದ್ದರೆ ಅದು ತಾನಾಗಿ ಒಂದು ಫೋಲ್ಡರ್ ಸುತ್ತಿ ಇಡುತ್ತದೆ, ಕಿಟಕಿ ಹುಡುಕಿದ ಜಾಗದಲ್ಲಿ ಫೈಲ್ ಇರುವುದಿಲ್ಲ.

ಮೂರನೆಯದು ಎ01, ಎ02 ತುಂಡುಗಳು. ಅವನ್ನು ಸೇರಿಸಲು ಎಆರ್‌ಜೆಯನ್ನೇ ಬಳಸಿ. ವಿಂಡೋಸ್‌ಗೆ ಎಆರ್‌ಜೆ32 ಅಂತ 32 ಬಿಟ್‌ನದು ಇದೆ, 64 ಬಿಟ್ ವಿಂಡೋಸ್‌ನಲ್ಲೂ ಓಡುತ್ತದೆ. ಎಲ್ಲ ತುಂಡೂ ಒಂದೇ ಫೋಲ್ಡರ್‌ನಲ್ಲಿ ಇರಬೇಕು. ಅಡ್ಡಗೆರೆ ವಿ ಕೊಟ್ಟು ಮೊದಲ ಎಆರ್‌ಜೆ ಮೇಲೆ ಓಡಿಸಿ. ನಡುವೆ ಒಂದು ತುಂಡು ಇಲ್ಲ ಅಂದರೆ ಆ ತುಂಡಿನಲ್ಲಿ ಪೂರ್ತಿ ಇದ್ದ ಫೈಲೂ ಹೋಯಿತು, ಅಂಚಿನಲ್ಲಿ ಹರಿದು ಕೂತಿದ್ದ ಫೈಲೂ ಹೋಯಿತು. ಆದರೆ ಬೇರೆ ತುಂಡುಗಳಲ್ಲಿ ಇಡಿಯಾಗಿ ಇರುವವು ಉಳಿಯುತ್ತವೆ. ಪೂರ್ತಿ ಸೆಟ್ ಬಿಸಾಡಬೇಡಿ.

ಬಿಚ್ಚುವ ಮೊದಲು ಟಿ ಅಕ್ಷರ ಕೊಟ್ಟು ಪರೀಕ್ಷೆ ಮಾಡಿಸಿ. ಎಆರ್‌ಜೆ ಮತ್ತು ಜಿಪ್ ಪ್ರತಿ ಫೈಲಿಗೂ 32 ಬಿಟ್ ಸಿಆರ್‌ಸಿ (ಫೈಲ್ ಕೆಟ್ಟಿದೆಯಾ ಅಂತ ತಾಳೆ ನೋಡುವ ಸಂಖ್ಯೆ) ಇಟ್ಟಿರುತ್ತವೆ, ಎಲ್‌ಜೆಡ್‌ಎಚ್, ಜೂ, ಎಆರ್‌ಸಿ 16 ಬಿಟ್. ಫ್ಲಾಪಿಯಿಂದ ಕೆಟ್ಟು ಬಂದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಆಲೆಮನೆ (ಪಾಂಡವಪುರ)

ಫ್ಲಾಪಿ ಅಂದಾಗ ನೆನಪಾಯಿತು. ಅಟ್ಟದ ಡಬ್ಬದ ಫ್ಲಾಪಿಗಳನ್ನು ಫೈಲ್ ಫೈಲಾಗಿ ಕಾಪಿ ಮಾಡಿಸಬೇಡಿ. ಪೂರ್ತಿ ಫ್ಲಾಪಿಯ ಇಮೇಜ್, ಅಂದರೆ ಇಡೀ ಫ್ಲಾಪಿಯ ಯಥಾಪ್ರತಿಯನ್ನು ಒಂದೇ ಫೈಲಾಗಿ, ತೆಗೆಸಿ. ಯುಎಸ್‌ಬಿ ಫ್ಲಾಪಿ ಡ್ರೈವ್ ಮೂರೂವರೆ ಇಂಚಿನದಕ್ಕೆ ಸಾಕು. ಐದೂಕಾಲು ಇಂಚಿನದಿದ್ದರೆ ಹಳೇ ಡ್ರೈವ್ ಮತ್ತು ಗ್ರೀಸ್‌ವೀಸಲ್ ಥರದ ಬೋರ್ಡ್ ಬೇಕು, ಅದು ಬೇರೆ ಸಾಹಸ. ಇಮೇಜ್ ತೆಗೆದರೆ ಲಾಭ ಏನಂದ್ರೆ, 7-ಜಿಪ್ ಆ ಇಮೇಜನ್ನೂ ಆರ್ಕೈವ್ ಥರಾನೇ ತೆರೆಯುತ್ತದೆ. ಅದಕ್ಕೆ ಫ್ಲಾಪಿಗಳಲ್ಲಿ ಬಳಸುವ ಫ್ಯಾಟ್ ಫೈಲ್ ವ್ಯವಸ್ಥೆ ಓದಲು ಬರುತ್ತದೆ.

ಅಂದ ಹಾಗೆ, ಯಾರಾದರೂ ಏಸ್ ಅನ್ನುವ ಇನ್ನೊಂದು ಬಾಲದ ಫೈಲ್ ಅಂತ ಬಂದರೆ ಹುಷಾರು. ವಿನ್‌ರಾರ್ ಜೊತೆ ಬರುತ್ತಿದ್ದ ಏಸ್ ಬಿಚ್ಚುವ ಡಿಎಲ್‌ಎಲ್‌ನಲ್ಲಿ ಹತ್ತೊಂಬತ್ತು ವರ್ಷ ಯಾರ ಕಣ್ಣಿಗೂ ಬೀಳದ ಭದ್ರತೆಯ ತೂತು ಇತ್ತು. 2019ರಲ್ಲಿ ಭದ್ರತಾ ಕಂಪನಿ ಚೆಕ್ ಪಾಯಿಂಟ್‌ನವರು ಅದನ್ನು ಬಯಲು ಮಾಡಿದರು. ವಿನ್‌ರಾರ್‌ನವರ ಹತ್ತಿರ ಅದರ ಸೋರ್ಸ್ ಕೋಡ್ ಇರಲಿಲ್ಲ, ಹಾಗಾಗಿ ಏಸ್ ಬೆಂಬಲವನ್ನೇ ಕಿತ್ತರು. ನಿಮ್ಮ ಮನೆ ಫೈಲಾದರೆ ಪರವಾಗಿಲ್ಲ. ಇಂಟರ್‌ನೆಟ್‌ನಲ್ಲಿ ಸಿಕ್ಕಿದ ಏಸ್ ಫೈಲನ್ನು ಹಳೇ ಕಿಟಕಿಗೆ ಹಾಕಬೇಡಿ.

ಅಗ್ರಹಾರ_ಡಿಟಿಪಿ (ಮೈಸೂರು)

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಬಿಚ್ಚಿದ ಮೇಲೆ ಏನು ಅಂತ ಯಾರೂ ಹೇಳಲಿಲ್ಲ. ಫೈಲ್ ಸರಿಯಾಗಿ ಬಿಚ್ಚಿಕೊಂಡಿರುತ್ತದೆ, ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಜನ ತಕ್ಷಣ ಕುಗ್ಗಿಸುವ ಟೂಲ್ ಕೆಡಿಸಿತು ಅಂದುಕೊಳ್ಳುತ್ತಾರೆ. ಅದಲ್ಲ ಕಣ್ರೀ. ಆಗ ಕನ್ನಡ ಇದ್ದದ್ದು ಫಾಂಟ್‌ನಲ್ಲಿ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡು ಕೂರಿಸಿದ್ದರು. ಶ್ರೀಲಿಪಿ ಒಂದು ಥರ, ಆಕೃತಿ ಇನ್ನೊಂದು ಥರ, ಆಮೇಲೆ ಬಂದ ನುಡಿ, ಬರಹ ಮತ್ತೊಂದು ಥರ. ಯಾವ ಫಾಂಟ್‌ನಲ್ಲಿ ಮಾಡಿದ್ದು ಅಂತ ಗೊತ್ತಾದರೆ ಮಾತ್ರ ಯೂನಿಕೋಡ್‌ಗೆ ತರಬಹುದು. ನುಡಿ, ಬರಹದ ಪಠ್ಯಕ್ಕೆ ಕನ್ವರ್ಟರ್ ಸುಲಭವಾಗಿ ಸಿಗುತ್ತದೆ. ಉಳಿದವಕ್ಕೆ ಫಾಂಟ್ ಹುಡುಕುವುದೇ ಮೊದಲ ಕೆಲಸ.

ಅದಕ್ಕೇ ಹೇಳೋದು, ಬಿಚ್ಚುವಾಗ ಫಾಂಟ್ ಫೈಲ್ ಸಿಕ್ಕರೆ ಬೇಡದ್ದು ಅಂತ ಅಳಿಸಬೇಡಿ. ಟಿಟಿಎಫ್ ಬಾಲ, ಪಿಎಫ್‌ಬಿ ಬಾಲ, ಎರಡನ್ನೂ ಇಟ್ಟುಕೊಳ್ಳಿ. ಎಷ್ಟೋ ಸಲ ಕೆಲಸದ ಜೊತೆಗೇ ಫಾಂಟನ್ನೂ ಕುಗ್ಗಿಸಿ ಪ್ರೆಸ್‌ಗೆ ಕಳಿಸುತ್ತಿದ್ದೆವು, ಅಲ್ಲಿ ಅದೇ ಫಾಂಟ್ ಇರುತ್ತದೆ ಅನ್ನೋ ನಂಬಿಕೆ ಇರಲಿಲ್ಲ.

ಡಾಸ್‌ನಲ್ಲಿ ಜಿಸ್ಟ್ ಕಾರ್ಡ್ (ಭಾರತೀಯ ಭಾಷೆ ಟೈಪ್ ಮಾಡಲು ಕಂಪ್ಯೂಟರ್‌ಗೆ ಹಾಕುತ್ತಿದ್ದ ಕಾರ್ಡ್) ಹಾಕಿ ಟೈಪ್ ಮಾಡಿದ್ದಾದರೆ ಅದು ಇಸ್ಕಿ, ಭಾರತೀಯ ಲಿಪಿಗಳ ಹಳೇ ಸಂಕೇತ ಪದ್ಧತಿ. ಅದು ಪುಣ್ಯ. ಯೂನಿಕೋಡ್‌ನ ಕನ್ನಡ ಇಸ್ಕಿಯ ಮೇಲೇ ನಿಂತಿರುವುದರಿಂದ ಚೆನ್ನಾಗಿ ಬದಲಾಗುತ್ತದೆ. ವಿಂಡೋಸ್‌ನಲ್ಲಿ ಕನ್ನಡ ಇಸ್ಕಿಯ ಕೋಡ್ ಪೇಜ್ ಸಂಖ್ಯೆ 57008.

ಪೇಜ್‌ಮೇಕರ್ ಫೈಲ್‌ಗೆ ಇನ್ನೊಂದು ತಲೆನೋವು. ಇನ್‌ಡಿಸೈನ್ ಸಿಎಸ್6ರವರೆಗೆ ಪೇಜ್‌ಮೇಕರ್ 6, 6.5, 7ರ ಫೈಲ್ ತೆರೆಯುತ್ತಿತ್ತು. ಆಮೇಲಿನ ಇನ್‌ಡಿಸೈನ್ ಸಿಸಿ ತೆರೆಯುವುದಿಲ್ಲ. ಲಿಬ್ರೆಆಫೀಸ್ ಡ್ರಾದಲ್ಲಿ ಒಮ್ಮೆ ಹಾಕಿ ನೋಡಿ, ಪೇಜ್‌ಮೇಕರ್ ಓದುವ ವ್ಯವಸ್ಥೆ ಅದರಲ್ಲಿ ಇದೆ. ವಿನ್ಯಾಸ ಅಲ್ಪಸ್ವಲ್ಪ ಆಚೀಚೆ ಆಗುತ್ತದೆ, ಪಠ್ಯ ಸಿಕ್ಕರೆ ಸಾಕು ಅನ್ನುವವರಿಗೆ ಆಗುತ್ತದೆ.

ಹಳೇ_ಫ್ಲಾಪಿ (ಮಂಡ್ಯ)

ಮೇಡಂ, ಶ್ರೀಲಿಪಿ ಅಂತ ಚಿಕ್ಕಪ್ಪ ಓದಿದ ಕೂಡಲೇ ಹೇಳಿದರು. ಫಾಂಟ್‌ಗಳೂ ಒಂದು ಎಲ್‌ಜೆಡ್‌ಎಚ್ ಒಳಗೆ ಸಿಕ್ಕಿವೆ.

ಈಗಿನ ಸ್ಥಿತಿ ಹೇಳುತ್ತೇನೆ. ಡಬಲ್ ಕಮಾಂಡರ್ ಕೂತಿದೆ. ಎಲ್‌ಜೆಡ್‌ಎಚ್, ಜೂ, ಎಆರ್‌ಸಿ ಮೂರಕ್ಕೂ ಅನ್ಆರ್. ಎಆರ್‌ಜೆಗೆ ಎಆರ್‌ಜೆ32. ಮಾದರಿ ಸಾಲು ಜೋಡಿಸುವಾಗ ಡಿಬಗ್ ಮೋಡ್ ಇಲ್ಲದಿದ್ದರೆ ನಾನು ಕೈ ಚೆಲ್ಲಿ ಕೂರುತ್ತಿದ್ದೆ. ಚಿಕ್ಕಪ್ಪ ಎಫ್5 ಕಂಡು ಖುಷಿಯಾದರು, ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು. ಊರಿನ ಹಳೇ ಲಗ್ನಪತ್ರಿಕೆ ಒಂದೊಂದೇ ತೆಗೆದು, ಇವರ ಮಗನಿಗೆ ಈಗ ಮದುವೆ ವಯಸ್ಸು ಅಂತ ಲೆಕ್ಕ ಹಾಕುತ್ತಿದ್ದಾರೆ.

ಎರಡು ಪ್ರಶ್ನೆ ಉಳಿದಿವೆ. ಬಿಚ್ಚಿದ್ದನ್ನೆಲ್ಲ ಮತ್ತೆ ಜಿಪ್ ಮಾಡಿ ಇಟ್ಟರೆ ಮೂಲ ಫೈಲ್ ಅಳಿಸಬಹುದಾ? ಮತ್ತೆ, ಯುಸಿ2 ಅಂತ ಬಾಲದ ಒಂದು ಫೈಲ್ ಇದೆ. ಅನ್ಆರ್ ಇದನ್ನು ಮುಟ್ಟುತ್ತಿಲ್ಲ.

ಲಿನಕ್ಸ್_ಅಕ್ಕ (ಮೈಸೂರು)

ಅಳಿಸಬೇಡಿ. ಎಲ್ಲ ಸೇರಿದರೂ ಒಂದು ಫೋನ್ ವೀಡಿಯೊದಷ್ಟು ಜಾಗ ತಿನ್ನುವುದಿಲ್ಲ. ದಿನಬಳಕೆಗೆ ಜಿಪ್ ಮಾಡಿಕೊಳ್ಳಿ, ಮೂಲವನ್ನು ಬೇರೆ ಫೋಲ್ಡರ್‌ನಲ್ಲಿ ರೀಡ್ ಓನ್ಲಿ ಮಾಡಿ ಇಡಿ. ಜಿಪ್ ಮಾಡಿದ ಮೇಲೆ ಫೈಲಿನ ತಾರೀಖು ನೋಡಿ. ಒಳಗಿನ ತಾರೀಖು 1995, 1996 ಅಂತಲೇ ಇರಬೇಕು. ಇವತ್ತಿನ ತಾರೀಖು ಬಂದಿದ್ದರೆ ಎಲ್ಲೋ ನಡುವೆ ಕಳೆದಿದೆ, ಮತ್ತೆ ಬಿಚ್ಚಿ. ಯಾವ ವರ್ಷದ ಕರಪತ್ರ ಅಂತ ಹೇಳಲು ಎಷ್ಟೋ ಸಲ ಅದೊಂದೇ ಸಾಕ್ಷಿ.

ಕುಕ್ಕರಹಳ್ಳಿ_ಕೆರೆ (ಮೈಸೂರು)

ಯುಸಿ2 ಅಂದರೆ ಅಲ್ಟ್ರಾಕಂಪ್ರೆಸರ್. ಅಪರೂಪದ್ದು. ಟೋಟಲ್ ಕಮಾಂಡರ್ ಪಟ್ಟಿಯಲ್ಲಿ ಅದರ ಹೆಸರು ಇದೆ, ಆದರೆ ಅಲ್ಲೂ ಹಿಂದೆ ಓಡಬೇಕಾದದ್ದು ಹಳೇ ಡಾಸ್ ಪ್ರೋಗ್ರಾಮೇ. ನಿಮ್ಮ ವಿಂಡೋಸ್‌ನಲ್ಲಿ ಓಡುವುದಿಲ್ಲ.

ಒಂದೇ ಫೈಲ್ ತಾನೆ? ಹಳೇ ಡಾಸ್ ಪ್ರೋಗ್ರಾಂಗಳನ್ನು ಈಗಿನ ವಿಂಡೋಸ್‌ನಲ್ಲಿ ಓಡಿಸುವ ಡಾಸ್‌ಬಾಕ್ಸ್ ಹಾಕಿಕೊಳ್ಳಿ. ಚಿಕ್ಕಪ್ಪನ ಫ್ಲಾಪಿಗಳಲ್ಲೇ ಎಲ್ಲಾದರೂ ಯುಸಿ ಅನ್ನುವ ಇಎಕ್ಸ್‌ಇ ಇರುತ್ತದೆ, ಹುಡುಕಿ. ಕುಗ್ಗಿಸಿದವರು ಬಿಚ್ಚುವ ಟೂಲನ್ನೂ ಪಕ್ಕದಲ್ಲೇ ಇಡುತ್ತಿದ್ದರು. ಎರಡನ್ನೂ ಒಂದು ಹೊಸ ಫೋಲ್ಡರ್‌ಗೆ ಕಾಪಿ ಮಾಡಿ, ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಇಲ್ಲದೆ ಎಂಟು ಅಕ್ಷರದೊಳಗೆ ಇಡಿ. ಆ ಫೋಲ್ಡರನ್ನು ಮಾತ್ರ ಡಾಸ್‌ಬಾಕ್ಸ್‌ಗೆ ಸಿ ಡ್ರೈವ್ ಅಂತ ಮೌಂಟ್ ಮಾಡಿ, ಪೂರ್ತಿ ಪೆನ್ ಡ್ರೈವ್ ಬೇಡ.

ಇಂಥವು ಮುಂದೆ ಇನ್ನೂ ಸಿಕ್ಕರೆ ಒಂದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಬರೆದ ಫೈಲ್) ಬರೆದಿಟ್ಟುಬಿಡಿ. ಡಾಸ್‌ಬಾಕ್ಸ್‌ಗೆ ಅಡ್ಡಗೆರೆ ಸಿ ಕೊಟ್ಟು ಮೌಂಟ್ ಮಾಡು, ಇದನ್ನು ಓಡಿಸು, ಮುಗಿದ ಮೇಲೆ ಮುಚ್ಚಿಕೋ ಅಂತ ಮೊದಲೇ ಹೇಳಬಹುದು. ಆ ಬ್ಯಾಚ್ ಫೈಲನ್ನು ವಿಂಡೋಸ್‌ನ ಸೆಂಡ್ ಟು ಫೋಲ್ಡರ್‌ನಲ್ಲಿ ಹಾಕಿ. ರೈಟ್ ಕ್ಲಿಕ್, ಸೆಂಡ್ ಟು, ಆಮೇಲೆ ನೀವಿಟ್ಟ ಹೆಸರು. ವಿಂಡೋಸ್ 11ರಲ್ಲಿ ಸೆಂಡ್ ಟು ಮೊದಲ ಮೆನುವಿನಲ್ಲಿ ಕಾಣುವುದಿಲ್ಲ, ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ ಅಂತ ಚಿಕ್ಕಪ್ಪನಿಗೆ ಹೇಳಿಕೊಡಿ.

ಹಳೇ_ಫ್ಲಾಪಿ (ಮಂಡ್ಯ)

ಯುಸಿ ಇಎಕ್ಸ್‌ಇ ಸಿಕ್ಕಿತು ಸರ್, ಪಕ್ಕದ ಫ್ಲಾಪಿಯಲ್ಲೇ ಇತ್ತು. ಯುಸಿ2 ಒಳಗೆ ಒಂದು ನಾಟಕದ ಹ್ಯಾಂಡ್‌ಬಿಲ್, ಅದರ ಜೊತೆ ಎರಡು ಎಆರ್‌ಜೆ. ಅದರಲ್ಲಿ ಒಂದಕ್ಕೆ ಎ01 ಇದೆ, ಎ02 ಇಲ್ಲ. ಅಟ್ಟದ ಡಬ್ಬ ಇಳಿಸಬೇಕು.